ಶೆಡ್ಡಿನಲ್ಲಿ ಆರದ ಹೆಡ್‌ಲೈಟು

ಅವನನ್ನು ಎಲ್ಲರೂ ಮಿಲಿಟರಿ ಎಂದೇ ಕರೆಯುತ್ತಿದ್ದರು. ಹಾಗೆಂದು ಆ ಮನುಷ್ಯ ಜನ್ಮದಲ್ಲಿ ಬಂದೂಕು ಮುಟ್ಟಿದವನಲ್ಲ. ಮನೆಗೆ ಇಲಿ ಬಂದರೆ ಇಲಿಗೇ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುವಂಥವನು. ಆ ಹೆಸರು ಬಂದದ್ದು ಲಾರಿಯಿಂದ. ಸೈನ್ಯದವರು ಇನ್ನು ಸಾಕೆಂದು ಹರಾಜು ಹಾಕಿದ ಹಳೇ ಲಾರಿಯೊಂದನ್ನು ಕೊಂಡು, ಅದರ ಹಸಿರು ಬಣ್ಣವನ್ನೂ ಬಾಗಿಲ ಮೇಲಿನ ಅರ್ಧ ಅಳಿಸಿದ ಅಂಕಿಗಳನ್ನೂ ಹಾಗೇ ಉಳಿಸಿಕೊಂಡು, ಗುಡ್ಡದ ಮೇಲಿನ ಕ್ವಾರಿಯಿಂದ ಕೆಳಗಿನ ಪೇಟೆಗೆ ಚಪ್ಪಡಿ ಕಲ್ಲು ಸಾಗಿಸುತ್ತಿದ್ದ. ಆ ಲಾರಿಯ ಬಗ್ಗೆ ಅವನು ಬಿಡುತ್ತಿದ್ದ ಬುರುಡೆಗೆ ಕೊನೆ ಮೊದಲಿರಲಿಲ್ಲ. ಯಾವುದೋ ದೊಡ್ಡ ಅಧಿಕಾರಿಯ ಸ್ನಾನದ ತೊಟ್ಟಿಯನ್ನು, ಒಳಗೆ ಅಧಿಕಾರಿ ಸೋಪು ಹಚ್ಚಿಕೊಂಡು ಕೂತಿದ್ದ ಹಾಗೆಯೇ, ಅದು ಹೊಳೆ ದಾಟಿಸಿತ್ತಂತೆ. ಇನ್ನೊಂದು ಸಲ ಶತ್ರುಗಳ ಕಡೆಯ ಎಮ್ಮೆಯೊಂದು ಈ ಲಾರಿಯ ಹಾರ್ನ್ ಕೇಳಿ ತಾನಾಗಿಯೇ ಬಂದು ಶರಣಾಗಿತ್ತಂತೆ. ಮಗಳು ಊಟದ ತಟ್ಟೆಯ ಮುಂದೆ ಕೂತು "ಆಮೇಲೆ?" ಅನ್ನುವವಳು, ಇವನು ಇನ್ನಷ್ಟು ಉಪ್ಪುಖಾರ ಹಚ್ಚುವವನು.

ಹೆಂಡತಿಗೆ ಈ ಬುರುಡೆಯೆಲ್ಲ ಹಿಡಿಸುತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನಗುತ್ತಿದ್ದಳು, ಆದರೆ ತಿರುಗಿ ಕೂತು ನಗುತ್ತಿದ್ದಳು. ಅವಳನ್ನು ಪೇಟೆಯ ಡ್ರೈವರುಗಳು ವೈರಕ್ಕ ಅನ್ನುತ್ತಿದ್ದರು. ಪೇಟೆಯ ಅಂಚಿನಲ್ಲಿ, ಟೈರಿನ ಅಂಗಡಿಗೆ ಒತ್ತಿಕೊಂಡಂತಿದ್ದ ತಗಡಿನ ಶೆಡ್ಡು ಅವಳದು. ಅಪ್ಪ ಬಿಟ್ಟುಹೋದದ್ದು. ಒಳಗೆ ಗೋಡೆಯುದ್ದಕ್ಕೂ ಮೊಳೆ, ಒಂದೊಂದು ಮೊಳೆಗೂ ಒಂದೊಂದು ಬಣ್ಣದ ವೈರಿನ ಸುರುಳಿ. ನಡುವೆ, ಗಾಡಿಯ ಅಡಿಗಿಳಿದು ಕೆಲಸ ಮಾಡಲು ತೋಡಿ ಹಲಗೆ ಮುಚ್ಚಿದ ಗುಂಡಿ. ಮೂಲೆಯಲ್ಲಿ ಕೂರುವುದಕ್ಕೆ ಯಾವುದೋ ಗುಜರಿ ಬಸ್ಸಿನಿಂದ ಕಿತ್ತ ಸೀಟು. ಎರಡು ವೈರು ಸಿಕ್ಕಿಸಿದ ಒಂದು ಪುಟ್ಟ ಬಲ್ಬು ಅವಳ ಕೈಯಲ್ಲಿ ಸದಾ ಇರುತ್ತಿತ್ತು. ಅದನ್ನು ಇಲ್ಲಿ ಮುಟ್ಟಿಸಿ, ಅಲ್ಲಿ ಮುಟ್ಟಿಸಿ, ಕರೆಂಟು ಎಲ್ಲಿಯವರೆಗೆ ಬಂದು ಎಲ್ಲಿ ನಿಂತಿದೆ ಎಂದು ಹಿಡಿದುಬಿಡುತ್ತಿದ್ದಳು. ಬಾಯಿ ಸ್ವಲ್ಪ ಖಾರ, ಕೈ ಚಿನ್ನ ಎಂದು ಡ್ರೈವರುಗಳು ಹೇಳುತ್ತಿದ್ದದ್ದು ಅವಳ ಕಿವಿಗೂ ಬಿದ್ದಿತ್ತು; ಎರಡರ ಬಗ್ಗೆಯೂ ಅವಳಿಗೆ ಹೆಮ್ಮೆಯೇ ಇತ್ತು.

ಆ ಶೆಡ್ಡಿಗೆ ಒಂದು ಕಟ್ಟುನಿಟ್ಟು. ಲೋಡ್ ಇರುವ ಗಾಡಿ ಹೊಸಿಲು ದಾಟುವ ಹಾಗಿಲ್ಲ. ವೈರಕ್ಕ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಇಟ್ಟಿಗೆ ತುಂಬಿದ್ದ ಲಾರಿಯೊಂದು ಜಾಕಿನಿಂದ ಜಾರಿ ಅವಳ ಚಿಕ್ಕಪ್ಪನ ಮೇಲೆ ಕೂತಿತ್ತು. ಅಂದಿನಿಂದ ಅಪ್ಪ ಬಾಗಿಲ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದ: ಲೋಡ್ ಇಳಿಸಿ ಒಳಗೆ ಬನ್ನಿ. ಅಪ್ಪ ಹೋದ ಮೇಲೂ ವೈರಕ್ಕ ಆ ಮಾತನ್ನು ಯಾರಿಗಾಗಿಯೂ ಸಡಿಲಿಸಲಿಲ್ಲ. ಗಂಡನಿಗಾಗಿಯೂ ಇಲ್ಲ.

ಆ ಗಂಡ ಸಿಕ್ಕಿದ್ದೇ ಒಂದು ಹಾರ್ನಿನ ದೆಸೆಯಿಂದ. ಮದುವೆಗೆ ಮುಂಚೆ ಅವನ ಲಾರಿಯ ಹಾರ್ನು ಪದೇಪದೇ ಕೆಡುತ್ತಿತ್ತು, ಅವನು ಪದೇಪದೇ ಶೆಡ್ಡಿಗೆ ಬರುತ್ತಿದ್ದ. ಮೂರನೆಯ ಸಲಕ್ಕೆ ವೈರಕ್ಕ ತುಂಡಾದ ವೈರನ್ನು ಅವನ ಮೂಗಿನ ಮುಂದೆ ಹಿಡಿದು, ತಾನಾಗಿ ಹರಿದ ವೈರು ಹೀಗಿರುವುದಿಲ್ಲ, ಇದು ಬ್ಲೇಡಿನಲ್ಲಿ ಕುಯ್ದದ್ದು ಎಂದಿದ್ದಳು. ಅವನು ನಾಚಿಕೊಂಡು ಕೆಂಪಾಗಿ, ಹೇಗೂ ಸಿಕ್ಕಿಬಿದ್ದಾಯಿತಲ್ಲ ಎಂದು ಅಲ್ಲೇ ಮದುವೆಯ ಮಾತೆತ್ತಿದ್ದ. ಈ ಕಥೆಯನ್ನು ಇಬ್ಬರೂ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಆದರೆ ಇಲ್ಲದ ತೊಂದರೆಯನ್ನು ಹುಟ್ಟಿಸಿಕೊಂಡು ಬರುವ ಮನುಷ್ಯ ಇವನು ಎಂಬುದು ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ ಉಳಿದೇ ಇತ್ತು.

ಚಳಿ ಶುರುವಾಗಿ ಬೇಗ ಕತ್ತಲಾಗುವ ದಿನಗಳಲ್ಲಿ ಹೆಡ್‌ಲೈಟಿನ ದೂರು ಮೊದಲಾಯಿತು. ಒಂದು ಸಂಜೆ ಅವನು ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದ್ದು ಅದನ್ನೇ. ಮೇಲಿನ ತಿರುವು ಇಳಿಯುವಾಗ ಎರಡೂ ದೀಪ ಒಟ್ಟಿಗೆ ಆರಿಹೋದವಂತೆ. ಕೆಳಗೆ ಸೇತುವೆ ಹತ್ತಿರ ಬಂದಾಗ ತಾವಾಗಿಯೇ ಹತ್ತಿಕೊಂಡವಂತೆ. ಮರುದಿನ ಬೆಳಿಗ್ಗೆ ಲಾರಿ ಶೆಡ್ಡಿಗೆ ಬಂತು. ವೈರಕ್ಕ ಸ್ವಿಚ್ ಹಾಕಿದಳು. ಎರಡೂ ದೀಪ ಹಲ್ಲು ಕಿರಿದಂತೆ ಉರಿದವು.

ಎರಡೂ ಒಟ್ಟಿಗೆ ಆರಿದರೆ ಬಲ್ಬಿನ ತಪ್ಪಲ್ಲ, ಎರಡಕ್ಕೂ ಒಂದೇ ಆಗಿರುವ ಏನೋ ಕೆಟ್ಟಿರಬೇಕು. ಅಷ್ಟು ಯೋಚನೆ ಅವಳಿಗೆ ಉಸಿರಾಡಿದಷ್ಟು ಸಲೀಸು. ಬ್ಯಾಟರಿಯ ತುದಿಗಳನ್ನು ಉಜ್ಜಿದಳು. ಅರ್ತಿಂಗ್ ವೈರು ಬಿಚ್ಚಿ, ಲಾರಿಯಡಿಯ ಕಬ್ಬಿಣದ ಚೌಕಟ್ಟಾದ ಛಾಸಿಯ ಬಣ್ಣ ಕೆರೆದು, ಬರೀ ಕಬ್ಬಿಣಕ್ಕೆ ಮತ್ತೆ ಬಿಗಿದಳು. ಒಂದು ವಾರ ಕಳೆಯಿತು, ದೀಪ ಮತ್ತೆ ಆರಿತು. ಈ ಸಲ ಸ್ವಿಚ್ಚಿಗೆ ಕೈ ಹಾಕಿದಳು. ಮಿಲಿಟರಿ ಲಾರಿಯ ದೀಪದ ಸ್ವಿಚ್ಚೇ ಒಂದು ದೊಡ್ಡ ಕಥೆ. ಒಂದು ಕೈಯಲ್ಲಿ ಪುಟ್ಟ ಕೊಂಡಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿ ತಿರುಗಿಸಬೇಕು. ಯಾವನೋ ನಿದ್ದೆಗಣ್ಣಿನಲ್ಲಿ ದೀಪ ಹಾಕಿ ಇಡೀ ದಂಡನ್ನು ಶತ್ರುವಿಗೆ ತೋರಿಸಿಕೊಡಬಾರದಲ್ಲ, ಅದಕ್ಕೆ. ಇನ್ನೊಂದು ವಿಶೇಷವೆಂದರೆ ಅದಕ್ಕೆ ಸುಟ್ಟುಹೋಗುವ ಫ್ಯೂಸಿಲ್ಲ. ಎಲ್ಲಾದರೂ ವೈರು ಕಬ್ಬಿಣಕ್ಕೆ ತಾಗಿ ಕರೆಂಟು ಸೋರಿದರೆ ಒಳಗಿನ ತಗಡೊಂದು ಬಿಸಿಯಾಗಿ ಬಾಗಿ ಕರೆಂಟು ಕಡಿಯುತ್ತದೆ. ತಣ್ಣಗಾದರೆ ತಾನೇ ಮತ್ತೆ ಕೂಡುತ್ತದೆ. ಫ್ಯೂಸಾಗಿದ್ದರೆ ಸುಟ್ಟ ಗುರುತಾದರೂ ಸಿಗುತ್ತಿತ್ತು, ಇದರಲ್ಲಿ ಅದೂ ಇಲ್ಲ. ಗುಜರಿಯಲ್ಲಿ ಹುಡುಕಿ ಅಂಥದೇ ಇನ್ನೊಂದು ಸ್ವಿಚ್ಚು ತಂದು ಹಾಕಿದಳು. ಆಮೇಲೆ ಗುಂಡಿಗಿಳಿದು, ಛಾಸಿಯುದ್ದಕ್ಕೂ ಹೋಗಿದ್ದ ವೈರನ್ನು ಅದರ ಕ್ಯಾನ್ವಾಸ್ ಹೊದಿಕೆಯ ಸಮೇತ ಬೆರಳಿನಿಂದ ಸವರುತ್ತ ಹೋದಳು. ಎಲ್ಲಿಯೂ ಸಿಕ್ಕಿಕೊಂಡಿರಲಿಲ್ಲ. ಎಳೆದರೆ ಸಡಿಲವಾಗಿ ಬರುತ್ತಿತ್ತು.

ದೀಪ ಮತ್ತೂ ಆರಿತು. ಆರಿತು ಎಂದು ಅವನು ಹೇಳಿದ, ಅಷ್ಟೇ. ಶೆಡ್ಡಿನಲ್ಲಿ ಒಂದು ದಿನವೂ ಆರಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೂ ಉರಿಸಿಟ್ಟು ನೋಡಿದಳು, ಇಂಜಿನ್ ಓಡಿಸಿ ನೋಡಿದಳು, ಬಾನೆಟ್ಟಿಗೆ ಗುದ್ದಿ ನೋಡಿದಳು. ಎಲ್ಲಿ ಆರಿತು, ಎಷ್ಟು ಹೊತ್ತು ಆರಿತ್ತು ಎಂದು ಕೇಳಿದರೆ ಅವನ ಉತ್ತರ ದಿನಕ್ಕೊಂದು ಥರ. ಒಂದು ದಿನ ತಿರುವಿನಿಂದ ಸೇತುವೆಯವರೆಗೆ, ಇನ್ನೊಂದು ದಿನ ತಿರುವು ಮುಗಿಯುವಷ್ಟರಲ್ಲಿ. ಸುಮ್ಮನೆ ಇದ್ದದ್ದು ಇದ್ದಂತೆ ಹೇಳುವುದು ಆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದದ್ದಲ್ಲ. ಒಮ್ಮೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನಮ್ಮ ಲಾರಿಗೆ ವಯಸ್ಸಾಯ್ತು ಕಣಮ್ಮ, ಭಾರ ಹೊತ್ತು ಹೊತ್ತು ಸಾಕಾಗಿ ಕಣ್ಣು ಮುಚ್ಕೊಳ್ಳುತ್ತೆ. ಕಲ್ಲು ಇಳಿಸಿದ ತಕ್ಷಣ ನೋಡು, ಮಿಟಮಿಟ ಅಂತ ಬಿಡುತ್ತೆ" ಅಂದ. ಮಗಳೂ ನಕ್ಕಳು, ವೈರಕ್ಕನೂ ನಕ್ಕಳು. ಇದ್ದ ನಿಜವನ್ನೆಲ್ಲ ಅವನು ಆ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದ. ಅದು ಅವನಿಗೂ ಗೊತ್ತಾಗಲಿಲ್ಲ.

ಒಂದು ಸಲ ಜೊತೆಗೆ ಬಂದು ನೋಡು ಎಂದು ಅವನು ಕೇಳಿದ್ದುಂಟು. ಶೆಡ್ಡಿನ ಮುಂದೆ ಗಾಡಿಗಳು ಕಾಯುತ್ತಿದ್ದವು, ಮಗಳಿಗೆ ಶಾಲೆ ಬಿಡುವ ಹೊತ್ತು, ಅದೂ ಇದೂ. ನಿಜ ಹೇಳಬೇಕೆಂದರೆ ಇವೆಲ್ಲ ನೆಪ. ತನ್ನ ಕೈಗೆ ಸಿಗದ ದೋಷ ಇಲ್ಲ ಎಂದು ಅವಳು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು. ಒಂದು ದಿನ ರೇಗಿ, "ನನ್ನ ಕೈಯಲ್ಲಿ ಉರಿಯುತ್ತೆ, ನಿಮ್ಮ ಕೈಯಲ್ಲಿ ಆರುತ್ತೆ. ಈ ಸಲ ಯಾರನ್ನ ನೋಡೋಕೆ ಬ್ಲೇಡು ಹಾಕಿದ್ದೀರಿ?" ಎಂದುಬಿಟ್ಟಳು. ಅವನು ನಗಲಿಲ್ಲ. ಹಳೇ ಕಥೆಗೆ ಅವನು ನಗದೆ ಇದ್ದದ್ದು ಅದೇ ಮೊದಲು.

ಆಮೇಲೆ ಆಗಬಾರದ್ದು ಆಯಿತು. ಮುಸ್ಸಂಜೆಯಲ್ಲಿ, ಅದೇ ಮೇಲಿನ ತಿರುವಿನಲ್ಲಿ, ಲಾರಿ ಹೋಗಿ ತಡೆಗೋಡೆಗೆ ಗುದ್ದಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಅವನ ಹಣೆ ಒಡೆಯಿತು, ಚಪ್ಪಡಿಗಳು ಜಾರಿ ರಸ್ತೆಯುದ್ದಕ್ಕೂ ಬಿದ್ದು ಚೂರಾದವು. ಮರುದಿನ ಖಾಲಿ ಲಾರಿಯನ್ನು ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಕ್ವಾರಿಯ ಮಾಲೀಕರೂ ಬಂದರು, ಮಿಲಿಟರಿಯ ತಮ್ಮನೂ ಬಂದ, ಟೈರಿನ ಅಂಗಡಿಯವನೂ ಬಂದು ಬಾಗಿಲಲ್ಲಿ ನಿಂತ. ಮಾಲೀಕರು ಕೆಟ್ಟವರೇನಲ್ಲ. ದೀಪ ಆರಿದ್ದರೆ ಅದು ಗಾಡಿಯ ತಪ್ಪು, ಸರಿಮಾಡಿಸಿಕೊಂಡು ಬರಲಿ, ಲೋಡ್ ಕೊಡುತ್ತೇನೆ. ಆರಿಲ್ಲದಿದ್ದರೆ ಮಾತ್ರ ಇವನ ಕೈಗೆ ಲೋಡ್ ಕೊಟ್ಟು ಕಳಿಸಲು ತನಗೆ ಧೈರ್ಯವಿಲ್ಲ, ನಾಳೆ ಯಾರದಾದರೂ ಜೀವ ಹೋದೀತು ಎಂದರು. ಎಲ್ಲಕ್ಕೂ ವೈರಕ್ಕನ ಮಾತೇ ಕೊನೆ ಎಂದೂ ಅವರೇ ಹೇಳಿದರು.

ವೈರಕ್ಕ ಕೊಂಡಿ ಎತ್ತಿ ಹಿಡಿ ತಿರುಗಿಸಿದಳು. ಗುದ್ದಿದ ಏಟಿಗೆ ಒಂದು ದೀಪ ಒಡೆದಿತ್ತು. ಇನ್ನೊಂದು ಉರಿಯಿತು. ಒಡೆದದ್ದಕ್ಕೆ ಹೊಸ ಬಲ್ಬು ಹಾಕಿದಳು, ಅದೂ ಉರಿಯಿತು. ವೈರನ್ನೆಲ್ಲ ಮತ್ತೊಮ್ಮೆ ಸವರಿ ಎಳೆದು ನೋಡಿದಳು. ಅಷ್ಟು ಹೊತ್ತೂ ಅವಳ ಮನಸ್ಸಿನಲ್ಲಿ ಓಡುತ್ತಿದ್ದದ್ದು ಒಂದೇ. ಇವರ ಕಣ್ಣು ಹೋಗುತ್ತಿದೆ, ಇವರಿಗೆ ಅದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಇವತ್ತು ಹಣೆ, ನಾಳೆ ಪ್ರಾಣ. ದೀಪ ಸರಿಯಿದೆ ಎಂದು ತಾನು ಅಂದುಬಿಟ್ಟರೆ ಈ ಮನುಷ್ಯ ಮನೆಯಲ್ಲಿರುತ್ತಾರೆ, ಬದುಕಿರುತ್ತಾರೆ. ಪ್ರೀತಿಯೂ ಜಂಬವೂ ಒಂದೇ ಬಾಯಿಂದ ಮಾತಾಡಿದರೆ ಯಾವುದರ ಮಾತು ಯಾವುದು ಎಂದು ಯಾರು ಬಿಡಿಸಿ ಹೇಳಬೇಕು. ಅವಳು ಕೈ ಒರೆಸಿಕೊಂಡು, "ದೀಪದಲ್ಲಿ ಏನೂ ತೊಂದರೆ ಇಲ್ಲ" ಅಂದಳು.

ಎಲ್ಲರೂ ಅವನ ಕಡೆ ನೋಡಿದರು. ಜಗಳ ಆಡಬಹುದಿತ್ತು. ಅವನು ಹಣೆಯ ಪಟ್ಟಿ ಮುಟ್ಟಿಕೊಂಡು, "ಅವಳು ನೋಡಿದ್ದಾಳೆ ಅಂದ್ಮೇಲೆ ಸರಿಯಾಗೇ ಇರುತ್ತೆ" ಅಂದ. ಮುನಿಸಿನಿಂದ ಅಂದ ಮಾತಲ್ಲ ಅದು. ನಂಬಿ ಅಂದದ್ದು. ಹೆಂಡತಿಯ ಕೈ ತಪ್ಪುವುದಿಲ್ಲ ಎಂದು ಊರಿಗೆಲ್ಲ ಸಾರಿಕೊಂಡು ತಿರುಗಿದವನು ಅವನೇ ತಾನೆ.

ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ದೀಪ ಬಿಟ್ಟು ನೋಡಿ, ಅಕ್ಷರ ಓದಿಸಿ, ಈ ವಯಸ್ಸಿಗೆ ಎಷ್ಟಿರಬೇಕೋ ಅಷ್ಟಿದೆ, ಪೇಪರ್ ಓದುವುದಕ್ಕೆ ಒಂದು ಕನ್ನಡಕ ಸಾಕು ಎಂದರು. ವೈರಕ್ಕನಿಗೆ ಆ ಕ್ಷಣಕ್ಕೆ ನಿರಾಳವಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನು ಮಾತ್ರ ಬೇರೆ ಲೆಕ್ಕ ಹಾಕುತ್ತಿದ್ದ. ದೀಪವೂ ಸರಿಯಿದೆ, ಕಣ್ಣೂ ಸರಿಯಿದೆ. ಹಾಗಾದರೆ ಕೆಟ್ಟಿರುವುದು ತನ್ನ ತಲೆಯೇ. ಇದನ್ನು ಅವನು ಯಾರಿಗೂ ಬಿಡಿಸಿ ಹೇಳಲಿಲ್ಲ. ಆದರೆ ಅವತ್ತಿನಿಂದ ಅವನು ತನ್ನ ಮೇಲೆ ತಾನೇ ಕಾವಲು ಕೂತ.

ಲಾರಿ ತಮ್ಮನ ಕೈಗೆ ಹೋಯಿತು. ಮಿಲಿಟರಿ ಶೆಡ್ಡಿಗೆ ಬಂದು ಬಸ್ಸಿನ ಸೀಟಿನ ಮೇಲೆ ಕೂರತೊಡಗಿದ. ಕೇಳಿದ ಸ್ಪ್ಯಾನರ್ ಎತ್ತಿಕೊಡುತ್ತಿದ್ದ. ಕೊಡುವ ಮುಂಚೆ ಅದರ ಮೇಲಿನ ಅಂಕಿಯನ್ನು ಒಂದಕ್ಕೆ ಎರಡು ಸಲ ನೋಡಿ, ಇದೇ ತಾನೆ ಎಂದು ಕೇಳುತ್ತಿದ್ದ. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ ತಿರುಗಿ ಬರುತ್ತಿದ್ದ. ಕತ್ತಲಾದ ಮೇಲೆ ರಸ್ತೆ ದಾಟುವುದಕ್ಕೆ ಮಗಳ ಕೈ ಹಿಡಿಯುತ್ತಿದ್ದ, ಅವಳನ್ನು ದಾಟಿಸುವವನಂತೆ. ಬುರುಡೆ ಪೂರ್ತಿ ನಿಂತಿತು. ಒಂದು ದಿನ ಊಟದ ಹೊತ್ತಿನಲ್ಲಿ ಮಗಳು ಸ್ನಾನದ ತೊಟ್ಟಿಯ ಕಥೆ ಹೇಳಪ್ಪ ಎಂದು ಪೀಡಿಸಿದಳು. ಅವನು ಶುರು ಮಾಡಿದ. ಹೊಳೆಯ ನಡುವಿಗೆ ಬಂದಾಗ ಮಾತು ನಿಂತಿತು. ಮಗಳು "ಆಮೇಲೆ?" ಅಂದಳು. "ಆಮೇಲೆ ಏನಾಯ್ತೋ ಸರಿಯಾಗಿ ಗೊತ್ತಿಲ್ಲಮ್ಮ. ಅಮ್ಮನ್ನ ಕೇಳು" ಅಂದ. ತಾನೇ ಕಟ್ಟಿದ ಸುಳ್ಳಿನ ಮೇಲೂ ಅವನಿಗೆ ನಂಬಿಕೆ ಹೋಗಿತ್ತು. ಒಲೆಯ ಮುಂದೆ ನಿಂತಿದ್ದ ವೈರಕ್ಕನಿಗೆ ಅದು ಕೇಳಿಸಿತು. ಆದರೂ ಬದುಕಿದ್ದಾರಲ್ಲ, ಅಷ್ಟು ಸಾಕು ಎಂದು ಸಮಾಧಾನ ಮಾಡಿಕೊಂಡಳು.

ಹೀಗೆ ವರ್ಷಗಳು ಕಳೆದವು. ಮಗಳು ಅಪ್ಪನ ಭುಜದೆತ್ತರಕ್ಕೆ ಬಂದಳು. ಮೈದುನ ಲಾರಿಯನ್ನು ಶೆಡ್ಡಿಗೆ ತರುತ್ತಿದ್ದದ್ದು ಅಪರೂಪ, ತಂದರೂ ಹಾರ್ನು, ವೈಪರು ಇಂಥ ಚಿಲ್ಲರೆ ಕೆಲಸಕ್ಕೆ. ಹೆಡ್‌ಲೈಟಿನ ಮಾತು ಅವನ ಬಾಯಿಂದ ಒಮ್ಮೆಯೂ ಬರಲಿಲ್ಲ. ಅಂದ ಮೇಲೆ ತೊಂದರೆ ಗಂಡನಲ್ಲೇ ಇದ್ದದ್ದು ಎಂಬುದಕ್ಕೆ ವೈರಕ್ಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಒಂದು ದಿನ ವೈಪರ್ ಮೋಟಾರು ನೋಡಲು ಬಾನೆಟ್ ಎತ್ತಿದಾಗ, ಮುಂದಿನ ಕಬ್ಬಿಣದ ಜಾಲರಿಯ ಒಳಮೈಗೆ ಎರಡು ಪಟ್ಟಿಗಳನ್ನು ಬಿಗಿದಿದ್ದು ಕಂಡಿತು. ಎಡಕ್ಕೊಂದು, ಬಲಕ್ಕೊಂದು, ರಬ್ಬರು ಸುತ್ತಿದ ಪಟ್ಟಿ. ಏನು ಕಟ್ಟುತ್ತೀಯೋ ಇದಕ್ಕೆ ಎಂದು ಕೇಳಿದಳು. ಮೈದುನ ತಡವರಿಸಿದ. ಏನಿಲ್ಲ ಎಂದ. ಅವಳು ಕ್ಯಾಬಿನ್ನಿಗೆ ಹತ್ತಿ ಸೀಟಿನ ಅಡಿಗೆ ಕೈ ಹಾಕಿದಳು. ತೋಳುದ್ದದ ಎರಡು ಬ್ಯಾಟರಿ ಟಾರ್ಚು ಸಿಕ್ಕವು.

ಮೈದುನ ಅತ್ತಿಗೆಯ ಮುಖ ನೋಡಲಾರದೆ ಗುಂಡಿಯ ಹಲಗೆಯನ್ನು ನೋಡುತ್ತ ನಿಂತ. ಬಿಡಿಸಿ ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ಮೊದಲ ತಿಂಗಳಿನಲ್ಲೇ ದೀಪ ಆರಿತ್ತು. ಲೋಡ್ ಇದ್ದಾಗ, ಮೇಲಿನ ತಿರುವಿನಲ್ಲಿ, ಬ್ರೇಕ್ ಒತ್ತಿ ಇಳಿಯುವಾಗ. ದಿನಾ ಅಲ್ಲ, ಆದರೆ ಆರುತ್ತಿತ್ತು. ಅವನು ಟಾರ್ಚು ಕಟ್ಟಿಕೊಂಡು, ಆದಷ್ಟೂ ಬೆಳಕಿರುವಾಗಲೇ ಇಳಿದು ದಿನ ದೂಡಿದ್ದ.

"ಇಷ್ಟು ವರ್ಷ ಯಾಕೋ ಬಾಯಿ ಬಿಡಲಿಲ್ಲ?" ಎಂದಳು ವೈರಕ್ಕ.

"ಅಣ್ಣ ಬಾಯಿ ಬಿಟ್ಟು ಏನಾಯ್ತು ಅಂತ ನೋಡಿದ್ನಲ್ಲ ಅತ್ತಿಗೆ. ದೀಪ ಆರುತ್ತೆ ಅಂದವನ ಕೈಯಿಂದ ಸ್ಟೇರಿಂಗ್ ಹೋಗುತ್ತೆ. ನಂಗೂ ಮನೆ ಇದೆ."

ಇಂಥ ತಮ್ಮನಿಗೆ ಎರಡು ಬಿಗಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಮಾತು ಅಣ್ಣನ ಕಿವಿಯಲ್ಲಿ ಹೇಳಿದ್ದರೆ ಆ ಜೀವ ಸೀಟಿನ ಮೂಲೆಯಲ್ಲಿ ಹಾಗೆ ಮುದುಡುತ್ತಿರಲಿಲ್ಲ. ವೈರಕ್ಕನಿಗೆ ಮಾತ್ರ ಬೈಯಲು ನಾಲಿಗೆ ಹೊರಳಲಿಲ್ಲ. ಅವನು ಹೆದರಿದ್ದು ಯಾರ ಮಾತಿಗೆ ಎಂದು ಅವಳಿಗೆ ಗೊತ್ತಿತ್ತು.

ಅವತ್ತೇ ಸಂಜೆ ಅವಳು ಸಾಮಾನಿನ ಚೀಲ ಹಿಡಿದು ಕ್ವಾರಿಗೆ ಹೋಗಿ, ಟಾರ್ಚು ಕಟ್ಟಗೊಡದೆ, ಕಲ್ಲು ತುಂಬಿದ ಲಾರಿಯಲ್ಲಿ ಮೈದುನನ ಪಕ್ಕ ಕೂತಳು. ಗಂಡನಿಗೆ ಹೇಳಿರಲಿಲ್ಲ, ಅವನು ಮಗಳ ಜೊತೆ ಮನೆಯಲ್ಲಿದ್ದ. ಗುಡ್ಡದ ಹಿಂದೆ ಬೆಳಕು ಇಳಿಯುತ್ತಿತ್ತು. ಚಪ್ಪಡಿಯ ಭಾರಕ್ಕೆ ಲಾರಿಯ ಮೈಯೆಲ್ಲ ನರಳುತ್ತಿತ್ತು. ಶೆಡ್ಡಿನಲ್ಲಿ ಅಷ್ಟು ವರ್ಷ ಅದರ ಹೊಟ್ಟೆಯಡಿ ಮಲಗಿದ್ದರೂ ಆ ಸದ್ದನ್ನು ಅವಳು ಕೇಳಿಯೇ ಇರಲಿಲ್ಲ. ಮೇಲಿನ ತಿರುವು ಬಂತು. ಮೈದುನ ಬ್ರೇಕ್ ಒತ್ತಿದ, ಲಾರಿ ಒಂದು ಕಡೆಗೆ ವಾಲಿತು. ರಸ್ತೆ ಇದ್ದದ್ದು ಇಲ್ಲವಾಯಿತು.

ಕತ್ತಲು ಅಂದರೆ ಅಂಥ ಕತ್ತಲು. ತಡೆಗೋಡೆ ಎಲ್ಲಿ, ಕಣಿವೆ ಎಲ್ಲಿ, ಒಂದೂ ತಿಳಿಯಲಿಲ್ಲ. ಅವಳ ಕೈ ಬಾಗಿಲಿಗೆ ಅಂಟಿಕೊಂಡಿತು. ಇದನ್ನು ಇವರು ಒಬ್ಬರೇ ಎಷ್ಟು ಸಲ ದಾಟಿದರು, ದಾಟಿ ಮನೆಗೆ ಬಂದು ಯಾರಿಗೆ ಹೇಳಿದರು, ಹೇಳಿದಾಗ ತಾನು ಏನಂದೆ. ಭಾರ ಹೊತ್ತು ಸಾಕಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬ ಮಾತು ಆಗ ನೆನಪಿಗೆ ಬಂತು. ಅವಳು ಅತ್ತಳು. ಮೈದುನ ಪಕ್ಕದಲ್ಲಿದ್ದಾನೆ ಎಂದು ನಾಚಿಕೊಳ್ಳಲೂ ಇಲ್ಲ.

ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿಸಿ, ಟಾರ್ಚು ಹಿಡಿದು ಅವಳು ಅಡಿಗೆ ನುಗ್ಗಿದಳು. ಲೋಡ್ ಇರುವ ಗಾಡಿಯ ಅಡಿಗೆ ಅವಳು ಹೋದದ್ದು ಜೀವನದಲ್ಲಿ ಅದೇ ಮೊದಲು. ದೋಷ ಅವಳಿಗಾಗಿಯೇ ಕಾದಂತೆ ಅಲ್ಲಿತ್ತು. ಭಾರಕ್ಕೆ ಸ್ಪ್ರಿಂಗುಗಳು ಚಪ್ಪಟೆಯಾಗಿ, ಖಾಲಿ ಇರುವಾಗ ಕೈ ಹೋಗುವಷ್ಟು ಸಂದಿದ್ದ ಜಾಗ ಈಗ ಮುಚ್ಚಿಕೊಂಡಿತ್ತು. ಹೆಡ್‌ಲೈಟಿನ ವೈರು ಕಬ್ಬಿಣದ ಎರಡು ತುಟಿಗಳ ನಡುವೆ ಸಿಕ್ಕಿಕೊಂಡಿತ್ತು. ಗ್ರೀಸು ಮೆತ್ತಿದ ಕ್ಯಾನ್ವಾಸಿನ ಹೊದಿಕೆ ಹೊರಗಿನಿಂದ ನೋಡಲು ನೆಟ್ಟಗಿತ್ತು, ಒಳಗೆ ತಾಮ್ರ ಬೆತ್ತಲಾಗಿ, ಒತ್ತು ಬಿದ್ದಾಗಲೆಲ್ಲ ಕರೆಂಟು ಕಬ್ಬಿಣಕ್ಕೆ ಸೋರುತ್ತಿತ್ತು. ಲಾರಿ ಖಾಲಿಯಾದ ಕೂಡಲೇ ಸಂದಿ ತೆರೆಯುತ್ತದೆ, ವೈರು ಸಡಿಲವಾಗಿ ತೂಗುತ್ತದೆ, ಏನೂ ಆಗೇ ಇಲ್ಲ ಎಂಬಂತೆ. ಚಿಕ್ಕಪ್ಪನ ಸಾವಿನಿಂದ ಹುಟ್ಟಿದ ಕಟ್ಟುನಿಟ್ಟು ಆ ಸಂದಿಯನ್ನು ಅವಳ ಕಣ್ಣಿಂದ ಮರೆಮಾಡಿತ್ತು.

ಅವಳ ಕೈ ಸುಮ್ಮನಿರಲಿಲ್ಲ. ಬ್ಯಾಟರಿ ಕಳಚಿಸಿ, ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ವೈರು ಕೂಡಿಸಿ, ರಬ್ಬರು ಕೊಳವೆ ತೊಡಿಸಿ, ಕಬ್ಬಿಣದ ತುಟಿಗಳಿಂದ ದೂರಕ್ಕೆ ಎತ್ತಿ ಕಟ್ಟಿದಳು. ದೋಷ ಕಂಡರೆ ಅದನ್ನು ಕಂಡ ಜಾಗದಲ್ಲೇ ಸರಿಮಾಡಿ ಎದ್ದೇಳುವವಳು ಅವಳು, ಯೋಚಿಸಿ ಮಾಡಿದ್ದಲ್ಲ. ದೀಪ ಹತ್ತಿತು. ಕತ್ತರಿಸಿದ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಹೋಗಿ ಇವರ ಮುಂದೆ ಇಡುತ್ತೇನೆ, ಕಾಲು ಹಿಡಿಯುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ ಎಂದುಕೊಂಡಳು. ಅವನು ಬೈದಾನು ಎಂಬುದೇ ಅವಳಿಗೆ ಆಸೆಯಾಗಿತ್ತು.

ಅವನು ಬೈಯಲಿಲ್ಲ. ಅಂಗೈಯಲ್ಲಿ ವೈರಿನ ತುಂಡು ಇಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಅವಳು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದ. ನಡುವೆ ಎದ್ದು ಅವಳಿಗೆ ನೀರು ತಂದುಕೊಟ್ಟ. ಆಮೇಲೆ ಅವಳ ತಲೆ ಸವರಿ, "ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಯಾಕೆ ಹೇಳ್ತೀಯ? ನಾನೇನು ಬೇಜಾರಾಗಿದ್ದೀನಾ?" ಅಂದ.

ಅವಳು ಆಣೆ ಮಾಡಿದಳು. ಅವನು ಮುಗುಳ್ನಕ್ಕ. ತನ್ನ ಕಣ್ಣಾರೆ ಕಂಡೆ ಎಂದಳು. ತನಗೂ ಹಾಗೇ ಕಂಡಿತ್ತು, ಆದರೆ ಅದು ಇರಲಿಲ್ಲವಲ್ಲ ಎಂದ. ವೈರಿನ ತುಂಡನ್ನು ತೋರಿಸಿದರೆ, ಇಂಥ ತುಂಡು ಶೆಡ್ಡಿನಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ ಎಂದ. ನಿಮ್ಮ ತಮ್ಮನನ್ನೇ ಕೇಳಿ ಎಂದರೆ, ನೀನು ಹೇಳಿಕೊಟ್ಟದ್ದನ್ನೇ ಅವನೂ ಹೇಳುತ್ತಾನೆ ಎಂದ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಅವನಿಗೆ ಒಂದಿಷ್ಟೂ ಕೋಪವಿರಲಿಲ್ಲ. ಎಷ್ಟು ಒಳ್ಳೆಯವಳು ಇವಳು ಎಂಬ ಕೃತಜ್ಞತೆಯೇ ಮುಖದ ತುಂಬ. ಅವಳು ತಪ್ಪು ಹೇಳಿದಾಗ ಕಣ್ಣು ಮುಚ್ಚಿ ನಂಬಿದ್ದವನು ನಿಜ ಹೇಳಿದಾಗ ನಂಬಲಿಲ್ಲ. ಅದಕ್ಕೆ ಯಾರನ್ನು ದೂರುವುದು ಎಂದೂ ಅವಳಿಗೆ ತಿಳಿಯಲಿಲ್ಲ.

ಬಿಟ್ಟುಕೊಡಲಿಲ್ಲ ಅವಳು. ಮರುದಿನ ಸಂಜೆ ಹಟ ಹಿಡಿದು ಅವನನ್ನು ಕ್ವಾರಿಗೆ ಕರೆದುಕೊಂಡು ಹೋದಳು. ಕಲ್ಲು ತುಂಬಿದ ಲಾರಿ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅಂಗೈಯಿಂದ ಬಾಗಿಲ ಅಂಕಿಗಳನ್ನು ಒಮ್ಮೆ ಮುಟ್ಟಿದ. ತಮ್ಮನ ಮಾತಿಗೆ ಕಟ್ಟುಬಿದ್ದು ಹತ್ತಿದ. ಸ್ಟೇರಿಂಗ್ ಹಿಡಿ ಎಂದು ತಮ್ಮ ಗೋಗರೆದರೂ ಹಿಡಿಯಲಿಲ್ಲ. ಮೈದುನ ಓಡಿಸಿದ, ಗಂಡ ಹೆಂಡತಿ ಪಕ್ಕದಲ್ಲಿ ಒತ್ತಿ ಕೂತರು. ತಿರುವಿಗೆ ಮುಂಚೆ ಅವಳು ಹೇಳತೊಡಗಿದಳು: ಇಲ್ಲೇ, ಈಗ ಬ್ರೇಕ್ ಒತ್ತುತ್ತಾನೆ, ಈಗ ವಾಲುತ್ತದೆ, ನಿನ್ನೆ ಇಲ್ಲೇ ಆರಿದ್ದು.

ಲಾರಿ ವಾಲಿತು. ದೀಪ ಆರಲಿಲ್ಲ. ಅವಳ ಕೈಯ ಕೆಲಸ ಎಂದೂ ಕೆಟ್ಟದ್ದಿಲ್ಲ, ಅವತ್ತೂ ಕೆಡಲಿಲ್ಲ. ತಡೆಗೋಡೆ, ಅದಕ್ಕೆ ಅವನೇ ಗುದ್ದಿ ಬಿದ್ದ ಕಲ್ಲುಗಳ ಜಾಗದಲ್ಲಿ ಹಾಕಿದ್ದ ತೇಪೆ, ಆಚೆಯ ಪೊದೆಗಳು, ಎಲ್ಲವೂ ಬೆಳಕಿನಲ್ಲಿ ನಿಚ್ಚಳವಾಗಿ ಕಂಡವು. ಆ ಒಂದು ಸಂಜೆಯಾದರೂ ವೈರನ್ನು ಹಾಗೇ ಬಿಟ್ಟು ಬಂದಿದ್ದರೆ ಅನ್ನಿಸಿ ಅವಳ ಮಾತು ಅಲ್ಲಿಗೇ ನಿಂತಿತು. ಈಗ ಕೆಡಿಸಿ ತೋರಿಸೋಣವೆಂದರೆ, ಈ ಮನುಷ್ಯನನ್ನು ಮತ್ತೆ ಆ ಕತ್ತಲಿಗೆ ಇಳಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಅವನು ಮುಂದಿನ ಗಾಜಿನ ಆಚೆಗೆ ಕಣ್ಣು ನೆಟ್ಟು ಕೂತಿದ್ದ. ತಮ್ಮನಿಗೆ ಕೇಳಿಸದಂತೆ ಅವಳ ಕಿವಿಯ ಹತ್ತಿರ ಬಾಗಿ, "ದೀಪ ಉರೀತಿದೆ ಅಲ್ವೇನೇ? ಅಥವಾ ನಂಗೆ ಹಾಗೆ ಕಾಣ್ತಿದೆಯಾ?" ಅಂದ.

"ಉರೀತಿದೆ ರೀ" ಅಂದಳು.

ಮುಂದಿನ ತಿರುವಿನಲ್ಲಿ ಮತ್ತೆ ಕೇಳಿದ. ಉರೀತಿದೆ ಎಂದಳು. ಅದರ ಮುಂದಿನದರಲ್ಲೂ ಕೇಳಿದ. ಕೆಳಗೆ ಪೇಟೆಯ ಮೊದಲ ಮನೆಗಳು ಬರುವವರೆಗೂ ಅವನು ಕೇಳುತ್ತ ಹೋದ, ಅವಳು ಅವನ ಕೈ ಹಿಡಿದುಕೊಂಡು ಹೇಳುತ್ತ ಹೋದಳು.